ಜವಾಬು ಕೇಳುವ ಹಾಡು

ಮಗನೋ ಮಗಳೋ ಅಮೆರಿಕದಲ್ಲಿದ್ದರೆ ತಂದೆತಾಯಿ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುವುದು ಈಗ ಕಾಶಿಯಾತ್ರೆಯಷ್ಟೇ ಸಾಮಾನ್ಯವಾದ ಸಂಗತಿ. ಹೋದವರು ನೋಡಿಬರುವ ಸ್ಥಳಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ನಯಾಗರಾ ಜಲಪಾತ, ಸ್ವಾತಂತ್ರ್ಯ ದೇವಿಯ ಪ್ರತಿಮೆ, ಶ್ವೇತಭವನದ ಕಬ್ಬಿಣದ ಬೇಲಿ, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಾಲಯ. ಊರಿಗೆ ಮರಳಿದ ಮೇಲೆ ನೆರೆಹೊರೆಯವರಿಗೆ ತೋರಿಸುವ ಫೋಟೋಗಳೂ ಇವೇ. ಈ ಪಟ್ಟಿಯಲ್ಲಿ ಹಿಪ್‌ಹಾಪ್ ಕಚೇರಿಗೆ ಜಾಗವಿಲ್ಲ. ಹಿಪ್‌ಹಾಪ್ ಎಂದಾಗ ಹಿರಿಯರ ಕಣ್ಣಮುಂದೆ ಬರುವ ಚಿತ್ರವೇ ಬೇರೆ: ಸಿಗ್ನಲ್ಲಿನಲ್ಲಿ ನಿಂತ ಕಾರೊಂದರ ಗಾಜು ನಡುಗುತ್ತಿದೆ, ಒಳಗೆ ಯಾರೋ ಜಗಳಕ್ಕೆ ಬಿದ್ದವರಂತೆ ಒಂದೇ ಸಮನೆ ಮಾತಾಡುತ್ತಿದ್ದಾರೆ. ರಾಗವಿಲ್ಲ, ಆಲಾಪವಿಲ್ಲ, ಉಸಿರಿಗೆ ಬಿಡುವಿಲ್ಲ. ಇದನ್ನು ಹಾಡು ಎಂದು ಕರೆಯುವುದಾದರೂ ಹೇಗೆ?

ಬೈಲಹೊಂಗಲದ ಕಡೆಯ ಹಿರಿಯರೊಬ್ಬರೂ ಹಾಗೆಯೇ ಅಂದುಕೊಂಡಿದ್ದರು. ವಯಸ್ಸು 74. ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. 2023ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದರು. ಮಗಳೂ ಅಳಿಯನೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವವರು ಅಜ್ಜ ಮತ್ತು ಹದಿನೇಳು ವರ್ಷದ ಮೊಮ್ಮಗ. ಮೊಮ್ಮಗನಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಕೆ. ಅಜ್ಜನಿಗೆ ಇಂಗ್ಲಿಷ್ ಬರುತ್ತದೆ, ಆದರೆ ಅದು ಕಡತದ ಇಂಗ್ಲಿಷ್; ಮೊಮ್ಮಗನ ನಾಲಗೆಯ ಮೇಲೆ ಓಡುವ ಇಂಗ್ಲಿಷಿಗೂ ಅದಕ್ಕೂ ನೆಂಟಸ್ತಿಕೆ ಕಡಿಮೆ. ಸಾಲದ್ದಕ್ಕೆ ಅಜ್ಜನಿಗೆ ಕಿವಿ ಮಂದ. ಎರಡು ಸಲ 'ಏನು?' ಎಂದ ಮೇಲೆ ಮೂರನೆಯ ಸಲ ಕೇಳಲು ಸಂಕೋಚ. ಹೇಳುವವನಿಗೂ ಬೇಸರ. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರ ನಡುವೆ ಉಳಿದದ್ದು ಎರಡೇ ಮಾತು: 'ಊಟ ಆತೇನು?', 'ಆತು.'

ಆ ವರ್ಷ ಆಗಸ್ಟ್ 11ಕ್ಕೆ ಹಿಪ್‌ಹಾಪ್‌ಗೆ ಐವತ್ತು ತುಂಬಿತು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿರುವ ಯಾಂಕೀ ಸ್ಟೇಡಿಯಂನಲ್ಲಿ ಅಂದು ಭಾರೀ ಉತ್ಸವ. ನಲವತ್ತೈದು ಸಾವಿರಕ್ಕೂ ಹೆಚ್ಚು ಜನ ಕೂರುವ ಬೇಸ್‌ಬಾಲ್ ಮೈದಾನ ಅದು. ಮೊಮ್ಮಗ ಅಲ್ಲಿಗೆ ಹೋಗಲಿಲ್ಲ. ಅದೇ ತಿಂಗಳು ಅದೇ ಬ್ರಾಂಕ್ಸ್‌ನ ಒಂದು ಚಿಕ್ಕ ರಂಗಮಂದಿರದಲ್ಲಿ, ಮುನ್ನೂರು ಕುರ್ಚಿಯೂ ಇಲ್ಲದ ಕಡೆ, ಹೆಸರು ಮಾಡದ ಹುಡುಗರ ಕಾರ್ಯಕ್ರಮವಿತ್ತು. ಅದಕ್ಕೆ ಎರಡು ಟಿಕೆಟು ತೆಗೆದಿಟ್ಟಿದ್ದ. ಜೊತೆಗೆ ಬರಬೇಕಾದ ಗೆಳೆಯ ಜ್ವರ ಬಂದು ಮಲಗಿದ. ಒಬ್ಬನೇ ಕಳಿಸಲು ತಾಯಿ ಒಪ್ಪಲಿಲ್ಲ. ಹುಡುಗ ಅಜ್ಜನ ಕುರ್ಚಿಯ ಬಳಿ ಬಂದು ನಿಂತ.

'ಅಜ್ಜಾ, ನೀ ಬರ್ತೀ? ಭಾಳ ಲೌಡ್ ಇರ್ತದ.'

'ಲೌಡ್ ಇದ್ರ ಚಲೋನ ಆತಲ್ಲೋ ತಮ್ಮಾ. ನನಗ ಕೇಳಸ್ತೈತಿ.'

ಒಂದು ಕಲೆಗೆ ಹುಟ್ಟಿದ ತಾರೀಖು ಇರುವುದು ಅಪರೂಪ. ಲಾವಣಿ ಯಾವ ದಿನ ಹುಟ್ಟಿತು ಎಂದು ಯಾರೂ ಹೇಳಲಾರರು. ಹಿಪ್‌ಹಾಪ್‌ಗೆ ಮಾತ್ರ ತಾರೀಖೂ ಇದೆ, ಮನೆ ನಂಬರೂ ಇದೆ. 1973ರ ಆಗಸ್ಟ್ 11; ಬ್ರಾಂಕ್ಸ್‌ನ 1520, ಸೆಜ್ವಿಕ್ ಅವೆನ್ಯೂ. ಅದೊಂದು ಬಾಡಿಗೆ ಮನೆಗಳ ದೊಡ್ಡ ಕಟ್ಟಡ. ಅಲ್ಲಿಯ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆ ಕೊಳ್ಳಲು ನಾಲ್ಕು ಕಾಸು ಬೇಕೆಂದು, ಕಟ್ಟಡದ ಮನರಂಜನಾ ಕೋಣೆಯಲ್ಲಿ ಒಂದು ನೃತ್ಯಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ರೆಕಾರ್ಡು ಹಾಕುವ ಕೆಲಸ ಅಣ್ಣ ಕ್ಲೈವ್‌ನದು. ಜಮೈಕಾದಿಂದ ವಲಸೆ ಬಂದ ಕುಟುಂಬ. ಅವನಿಗೆ ಆಗ ಹದಿನೆಂಟು. ಮುಂದೆ ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯಿತು.

ಆ ಕಾಲದ ಬ್ರಾಂಕ್ಸ್ ಸುಖವಾಗಿರಲಿಲ್ಲ. ನಡುವೆ ಹೆದ್ದಾರಿ ಸೀಳಿಕೊಂಡು ಹೋಗಿ ಸಾವಿರಾರು ಸಂಸಾರಗಳು ಮನೆ ಕಳೆದುಕೊಂಡಿದ್ದವು. ಕಟ್ಟಡಗಳಿಗೆ ಬೆಂಕಿ ಬೀಳುತ್ತಿತ್ತು. 1975ರ ಹೊತ್ತಿಗೆ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದು ನಿಂತಿತು. ಹೊಸ ವಾದ್ಯ ಕೊಂಡು ಗುರುವಿನ ಬಳಿ ಕಲಿಯುವ ಅನುಕೂಲ ಎಷ್ಟು ಮನೆಗಳಲ್ಲಿದ್ದೀತು? ಮನೆಯಲ್ಲಿದ್ದದ್ದು ಅಪ್ಪ ಅಮ್ಮಂದಿರ ಹಳೆಯ ರೆಕಾರ್ಡುಗಳು. ಹುಡುಗರು ಅದನ್ನು ನುಡಿಸುವ ಪೆಟ್ಟಿಗೆಯನ್ನೇ ವಾದ್ಯ ಮಾಡಿಕೊಂಡರು.

ಹೇಗೆಂದು ನೋಡಿ. ಹಾಡಿನ ನಡುವೆ ಗಾಯಕರೂ ಇತರ ವಾದ್ಯಗಳೂ ನಿಂತು ಡ್ರಮ್ಮು ಮಾತ್ರ ಕೇಳುವ ಒಂದು ತುಣುಕು ಬರುತ್ತದೆ. ಕುಣಿಯುವವರು ಆ ತುಣುಕಿಗಾಗಿಯೇ ಕಾಯುತ್ತಾರೆ ಎಂಬುದನ್ನು ಹರ್ಕ್ ಗಮನಿಸಿದ. ಆದರೆ ಅದು ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರುಮಾಡಿ, ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಂದರೆ? ಕೆಲವು ಸೆಕೆಂಡಿನ ತಾಳ ಕುಣಿಯುವವರು ದಣಿಯುವ ತನಕ ಸಾಗುತ್ತದೆ. ಎಲ್‌ಪಿ ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಹುಡುಗ, ಎಲೆಕ್ಟ್ರಾನಿಕ್ಸ್ ಕಲಿತವನು, ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದೆ ತಿರುಗಿಸಿದರೆ ಬೇಕಾದ ಜಾಗ ಸಿಗುತ್ತದೆಂದು ಲೆಕ್ಕ ಹಾಕಿಟ್ಟುಕೊಂಡ. ಕೈಯಿಂದ ತಟ್ಟೆಯನ್ನು ಮುಂದೆ ಹಿಂದೆ ತಳ್ಳಿದರೆ ಬರುವ 'ಚರ್ಕ್ ಚರ್ಕ್' ಸದ್ದೂ ಹೀಗೆಯೇ ವಾದ್ಯದ ನುಡಿಯಾಯಿತು. ತಳ್ಳುವ ವೇಗ ಹೆಚ್ಚಿದರೆ ಕಂಪನಸಂಖ್ಯೆ ಹೆಚ್ಚಿ ಶ್ರುತಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ.

ರೆಕಾರ್ಡು ಸುತ್ತುವಾಗ ಮೈಕು ಹಿಡಿದು ಜನರನ್ನು ಹುರಿದುಂಬಿಸುವವರೂ ಇದ್ದರು. ಮೊದಲು ನಾಲ್ಕು ಮಾತು, ಆಮೇಲೆ ಪ್ರಾಸ, ಆಮೇಲೆ ಕಥೆ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಎಂಬ ಧ್ವನಿಮುದ್ರಿಕೆ ಮಾರುಕಟ್ಟೆಗೆ ಬಂದ ಮೇಲೆ ಆ ಮಾತುಗಾರಿಕೆ ಊರೂರು ತಲುಪಿತು. 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಕವಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿಯೇ ಬಂತು. ಅಲ್ಲಿಯವರೆಗೆ ಶಾಸ್ತ್ರೀಯ ಸಂಗೀತ ಮತ್ತು ಜಾಝ್ ಬಿಟ್ಟು ಬೇರೆಯವರಿಗೆ ಅದು ಸಂದಿರಲಿಲ್ಲ.

ಇದನ್ನೆಲ್ಲ ಮೊಮ್ಮಗ ರೈಲಿನಲ್ಲಿ ಅಜ್ಜನ ಕಿವಿಗೆ ಬಾಯಿಟ್ಟು ಹೇಳಿದ. ರೈಲಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಉಳಿದರ್ಧಕ್ಕೆ ಅಜ್ಜ ತಲೆಯಾಡಿಸಿದರು.

ಚಿಕ್ಕ ರಂಗಮಂದಿರಕ್ಕೂ ಕ್ರೀಡಾಂಗಣಕ್ಕೂ ಇರುವ ವ್ಯತ್ಯಾಸ ಕುರ್ಚಿಗಳ ಲೆಕ್ಕದ್ದು ಮಾತ್ರವಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ನೂರು ಮೀಟರು ದೂರದಲ್ಲಿ ಕೂತವನಿಗೆ ವೇದಿಕೆಯ ಸದ್ದು ಮುಟ್ಟಲು 0.29 ಸೆಕೆಂಡು ಬೇಕು. ನಿಮಿಷಕ್ಕೆ ತೊಂಬತ್ತು ಪೆಟ್ಟಿನ ತಾಳವಾದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಇರುವುದೇ 0.67 ಸೆಕೆಂಡು. ಅಂದರೆ ಹಿಂದಿನವನು ಕೇಳಿಸಿಕೊಂಡ ಪೆಟ್ಟಿಗೆ ಸರಿಯಾಗಿ ಚಪ್ಪಾಳೆ ಹಾಕಿದರೂ, ಮುಂದಿನವನಿಗಿಂತ ಅರ್ಧ ಪೆಟ್ಟಿನ ಹತ್ತಿರ ಹಿಂದೆ ಬಿದ್ದಿರುತ್ತಾನೆ. ಅವನ ಚಪ್ಪಾಳೆ ವೇದಿಕೆಗೆ ಮರಳಿ ಮುಟ್ಟುವಾಗ ಇನ್ನೂ ತಡ. ಹನ್ನೆರಡು ಮೀಟರಿನ ಸಭಾಂಗಣದಲ್ಲಿ ಈ ವ್ಯತ್ಯಾಸ 0.035 ಸೆಕೆಂಡು, ಇದ್ದೂ ಇಲ್ಲದಂತೆ. ಅಲ್ಲಿ ಕೊನೆಯ ಸಾಲಿನವನೂ ಮೊದಲ ಸಾಲಿನವನೂ ಒಂದೇ ತಾಳದಲ್ಲಿರುತ್ತಾರೆ. ವೇದಿಕೆಯ ಮೇಲಿನವನು ಕೇಳಿದ್ದಕ್ಕೆ ಜನರ ಉತ್ತರ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ.

ಮಾತು ತಿಳಿಯಬೇಕಾದರೆ ಸದ್ದು ಕೋಣೆಯಲ್ಲಿ ಸುಳಿದಾಡುತ್ತ ಉಳಿಯಲೂಬಾರದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಪದದ ಅನುರಣನ ಐದು ಸೆಕೆಂಡಿಗೂ ಮೀರಿ ಉಳಿದು ಮುಂದಿನ ಪದಗಳನ್ನು ನುಂಗುತ್ತಿತ್ತು. ವಾಲೇಸ್ ಸಬೀನ್ ಎಂಬ ತರುಣ ಭೌತವಿಜ್ಞಾನಿ ಇನ್ನೊಂದು ರಂಗಮಂದಿರದ ಕುರ್ಚಿದಿಂಬುಗಳನ್ನು ರಾತ್ರಿ ಹೊತ್ತು ತಂದು ಅಲ್ಲಿ ಹರಡಿ, ಎಷ್ಟು ದಿಂಬಿಗೆ ಎಷ್ಟು ಅನುರಣನ ಇಳಿಯುತ್ತದೆಂದು ಅಳೆದ. ಸಭಾಂಗಣಗಳ ಧ್ವನಿವಿಜ್ಞಾನ ಅಲ್ಲಿಂದ ಶುರು. ಕೂತ ಮನುಷ್ಯನೂ ತನ್ನ ಬಟ್ಟೆಬರೆಯ ಸಮೇತ ಸದ್ದನ್ನು ಹೀರುತ್ತಾನೆ. ತುಂಬಿದ ಸಭೆಯಲ್ಲಿ ಮಾತು ಸ್ಪಷ್ಟವಾಗುವುದು ಇದರಿಂದಲೂ ಹೌದು.

ಆ ಸಂಜೆ ಸಭೆ ತುಂಬಿತ್ತು. ಕಪ್ಪು ಗೋಡೆ, ಹಾಸು ಕಿತ್ತ ಮೆಟ್ಟಿಲು, ವೇದಿಕೆಯ ಮೇಲೆ ಒಂದು ಮೇಜು, ಅದರ ಮೇಲೆ ಎರಡು ತಿರುಗುಯಂತ್ರ. ಪಂಚೆ ಉಡುವ ಮನುಷ್ಯ ಅಂದು ಮಗಳ ಒತ್ತಾಯಕ್ಕೆ ಪ್ಯಾಂಟು ತೊಟ್ಟು, ತಲೆಯ ಮೇಲೆ ಗಾಂಧಿ ಟೋಪಿ ಮಾತ್ರ ಬಿಡದೆ ಬಂದಿದ್ದರು. ಟೋಪಿ ನೋಡಿ ಬಾಗಿಲ ಹುಡುಗನೊಬ್ಬ ಮೆಚ್ಚುಗೆಯಿಂದ ತಲೆಬಾಗಿದ. ಇವರೂ ಕೈಮುಗಿದರು. ಮೊಮ್ಮಗ ಜೇಬಿನಿಂದ ಸ್ಪಂಜಿನ ಎರಡು ಬಿರಡೆ ತೆಗೆದು ಕೊಟ್ಟ. ಹುಡುಗನ ವಿವೇಕ ಮೆಚ್ಚಬೇಕಾದ್ದೇ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೆ ಪ್ರತಿ ಮೂರು ಡೆಸಿಬಲ್ಲಿಗೆ ಹೊತ್ತು ಅರ್ಧವಾಗುತ್ತ ಬಂದು, ನೂರು ಡೆಸಿಬಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ಇಂಥ ಕಚೇರಿಗಳಲ್ಲಿ ನೂರು ದೊಡ್ಡ ಸಂಖ್ಯೆಯಲ್ಲ. ಹತ್ತಿಯ ಉಂಡೆ ಇದಕ್ಕೆ ಸಾಲದು. ಅಜ್ಜ ಕಿವಿಯ ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿ, ಬಿರಡೆ ತುರುಕಿಕೊಂಡರು.

ತಾಳ ಶುರುವಾಯಿತು. ಐವತ್ತು ಹರ್ಟ್ಸ್ ಕಂಪನದ ಅಲೆಯ ಉದ್ದ ಸುಮಾರು ಏಳು ಮೀಟರು. ಅಂಥ ಸದ್ದಿಗೆ ಬಿರಡೆ ಅಡ್ಡಿಯಲ್ಲ. ಅದು ಕುರ್ಚಿಯಿಂದ ಬೆನ್ನಿಗೆ, ನೆಲದಿಂದ ಕಾಲಿಗೆ, ಎದೆಗೂಡಿಗೆ ಬರುತ್ತದೆ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ಸಕಾರ, ಶಕಾರ, ಫಕಾರದಂಥ ವ್ಯಂಜನಗಳು ಇರುವುದೇ ಅಲ್ಲಿ, ಅದೂ ಕ್ಷೀಣವಾಗಿ. ಹಾಗಾಗಿ ಮುದುಕರಿಗೆ ಯಾರೋ ಮಾತಾಡುತ್ತಿರುವುದು ಕೇಳುತ್ತದೆ, ಏನು ಮಾತಾಡುತ್ತಿದ್ದಾರೆ ಎಂಬುದು ತಿಳಿಯದು. ತಾಳದಲ್ಲಿ ಆ ಕಷ್ಟವಿಲ್ಲ. ಎರಡು ನಿಮಿಷದಲ್ಲಿ ಅಜ್ಜನ ಬಲಗೈ ತೊಡೆಯ ಮೇಲೆ ನಾಲ್ಕು ಪೆಟ್ಟು ಎಣಿಸುತ್ತಿತ್ತು. ತೊಂಬತ್ತು ಪೆಟ್ಟಿನ ತಾಳದಲ್ಲಿ ಪೆಟ್ಟಿಗೆ ನಾಲ್ಕು ಅಕ್ಷರವೆಂದರೆ ಸೆಕೆಂಡಿಗೆ ಆರು ಅಕ್ಷರ. ಆ ವೇಗದಲ್ಲಿ ಮಾತಿನ ಸೊಗಸು ಕೆಡದಂತೆ, ಪ್ರಾಸ ತಪ್ಪದಂತೆ, ಉಸಿರು ಕದ್ದು ಎಳೆದುಕೊಂಡು ಒಬ್ಬ ಹುಡುಗ ನುಡಿಯುತ್ತಿದ್ದ. ಅವನ ಹಿಂದೆ ಇಬ್ಬರು ಸಾಲಿನ ಕೊನೆಯ ಪದವನ್ನು ಎತ್ತಿ ಹಿಡಿಯುತ್ತಿದ್ದರು. ಅಜ್ಜ ಮೊಮ್ಮಗನ ಕಡೆ ಬಾಗಿ, ತಮಗೆ ಕೇಳದ್ದರಿಂದ ಬಲು ಗಟ್ಟಿಯಾಗಿ, 'ಹಿಮ್ಯಾಳ ಚಲೋ ಐತಿ' ಎಂದರು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳ ಕೇಳಿದವರಿಗೆ ಈ ಮಾತು ಅರ್ಥವಾದೀತು. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ದಪ್ಪಿನ ಪೆಟ್ಟು, ತುಂತುಣಿಯ ತಂತಿ, 'ಗೀ ಗೀ' ಎನ್ನುವ ಹಿಮ್ಮೇಳ. ಬೆಳಗಿನ ಜಾವದ ತನಕ ಜನ ಏಳುವುದಿಲ್ಲ. ಯಾರು ಸೋತರೆಂದು ಹೇಳುವವರು ಅವರೇ ತಾನೆ? ಬ್ರಾಂಕ್ಸ್‌ಗೂ ಬೈಲಹೊಂಗಲಕ್ಕೂ ಕೊಡುಕೊಳ್ಳುವಿಕೆ ನಡೆದಿರಲಿಲ್ಲ. ಆದರೆ ಕೈಯಲ್ಲಿ ಹೆಚ್ಚೇನೂ ಇಲ್ಲದ ಜನ ಮಾತನ್ನೇ ಮಸೆದು ನಿಂತಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯ ಆಟ ಹುಟ್ಟಿತು. 1981ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ 'ಹಾರ್ಲೆಮ್ ವರ್ಲ್ಡ್' ಎಂಬಲ್ಲಿ ಕೂಲ್ ಮೋ ಡೀ ಮತ್ತು ಬಿಸಿ ಬೀ ನಡುವೆ ನಡೆದ ಸವಾಲು ಜವಾಬನ್ನು ಹಿಪ್‌ಹಾಪ್ ಪ್ರಿಯರು ಇಂದಿಗೂ ನೆನೆಯುತ್ತಾರೆ.

ಬೈಗುಳದ ಮಾತೇನು ಎಂದು ನೀವು ಕೇಳಬಹುದು. ಬೈಗುಳ ಇತ್ತು. ಹೆಣ್ಣನ್ನು ಕೀಳಾಗಿ ಕಾಣುವ, ಬಂದೂಕು ಹಣಗಳನ್ನು ಮೆರೆಸುವ ಹಾಡುಗಳು ಈ ಕಲೆಯಲ್ಲಿ ಬೇಕಾದಷ್ಟಿವೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಲಾವಣಿಯಲ್ಲೂ ಮಡಿವಂತರು ಎದ್ದುಹೋಗುವ ಪದಗಳಿಗೇನೂ ಕೊರತೆಯಿರಲಿಲ್ಲ. ಆದರೆ ಇದಕ್ಕೂ ಚಿಕ್ಕ ಸಭೆ ಒಂದು ಮದ್ದು ಕಂಡುಕೊಂಡ ಉದಾಹರಣೆ ಇದೆ. 1989ರಲ್ಲಿ ಲಾಸ್ ಏಂಜಲೀಸಿನ 'ಗುಡ್ ಲೈಫ್' ಎಂಬ ಆರೋಗ್ಯಾಹಾರದ ಹೋಟೆಲಿನಲ್ಲಿ ಗುರುವಾರ ಗುರುವಾರ ಯಾರು ಬೇಕಾದರೂ ಮೈಕು ಹಿಡಿಯಬಹುದಾದ ಕೂಟ ಶುರುವಾಯಿತು. ನಿಯಮ ಒಂದೇ: ಬೈಗುಳ ಕೂಡದು. ಹುಡುಗರು ಬೇರೆ ಪದ ಹುಡುಕಬೇಕಾಯಿತು, ಅದರಿಂದಲೇ ಮಾತು ಬೆಳೆಯಿತು. ಸತ್ವವಿಲ್ಲದೆ ಕೊರೆಯುವವನಿಗೆ ಮೈಕು ಮುಂದಿನವರಿಗೆ ಕೊಡೆಂದು ಸಭೆಯೇ ಒಕ್ಕೊರಲಿನಿಂದ ಹೇಳುತ್ತಿತ್ತು. ಕ್ರೀಡಾಂಗಣದಲ್ಲಿ ಹೀಗೆ ಹೇಳಿದರೆ ಕೇಳುವವರು ಯಾರು?

ಕಾರ್ಯಕ್ರಮದ ನಡುವೆ ತಾಳ ನಿಂತಿತು. ಹುಡುಗ ಮೈಕು ಕೆಳಗಿಟ್ಟು ವೇದಿಕೆಯ ಅಂಚಿಗೆ ಬಂದು ಬರಿಗಂಟಲಿನಲ್ಲಿ ನುಡಿಯತೊಡಗಿದ. ಸಭೆ ಗಪ್‌ಚಿಪ್. ಅಜ್ಜ ಬಿರಡೆ ತೆಗೆದು, ಜೇಬಿನ ಯಂತ್ರ ಹುಡುಕಿ ಕಿವಿಗೆ ಸಿಕ್ಕಿಸಿಕೊಂಡರು. ನಾಲ್ಕನೇ ಸಾಲಿನಿಂದ ಹುಡುಗನ ತುಟಿ ಕಾಣುತ್ತಿತ್ತು. ಗ್ರ್ಯಾಂಡ್‌ಮದರ್ ಎಂಬ ಪದ ಸಿಕ್ಕಿತು. ಸಿಕ್ಸ್ ಎಂಬುದು ಸಿಕ್ಕಿತು. ಮೆಡಿಸಿನ್ ಸಿಕ್ಕಿತು. ಉಳಿದದ್ದು ಸಿಗಲಿಲ್ಲ. ಆದರೆ ಸುತ್ತ ಕೂತವರು ನಡುನಡುವೆ 'ಹ್ಞೂಂ' ಎನ್ನುತ್ತಿದ್ದರು, ಹರಿಕಥೆಯಲ್ಲಿ ಎದುರು ಕೂತವರು ಅನ್ನುವ ಹಾಗೆ. ಪಕ್ಕದಲ್ಲಿ ಮೊಮ್ಮಗ ಕಣ್ಣೊರೆಸಿಕೊಂಡದ್ದನ್ನು ಅಜ್ಜ ನೋಡಿದರು, ನೋಡದವರಂತೆ ಕೂತರು.

ಮನೆಗೆ ಮರಳುವ ರೈಲಿನಲ್ಲಿ ಅಜ್ಜ ಕೇಳಿದರು, 'ಏನ್ ಹೇಳಿದ್ನೋ ಆ ಹುಡುಗ? ತಾಳ ನಿಂದ್ರಿಸಿ ಹೇಳಿದ್ನಲ್ಲ, ಅದು.'

ಮೊಮ್ಮಗ ಇಂಗ್ಲಿಷಿನಲ್ಲಿ ಶುರುಮಾಡಿದ. ಅಜ್ಜ ಕೈ ಅಡ್ಡ ಹಿಡಿದರು. 'ಕನ್ನಡದಾಗ ಹೇಳು. ಸಾವಕಾಶ ಹೇಳು. ನನಗೂ ಟೈಮ್ ಐತಿ, ರೈಲಿಗೂ ಟೈಮ್ ಐತಿ.'

ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ. ಆರನೇ ಮಹಡಿಯಲ್ಲಿ ಅಜ್ಜಿ. ಹುಡುಗ ದಿನಾ ಔಷಧಿ ಹೊತ್ತು ಹತ್ತುತ್ತಾನೆ. ಇಷ್ಟು ಹೇಳುವುದರೊಳಗೆ ಮೊಮ್ಮಗ ಬೆವತುಹೋದ. ಲ್ಯಾಂಡ್‌ಲಾರ್ಡ್‌ಗೆ ಏನನ್ನಬೇಕು? 'ಮನಿ ಮಾಲಕ.' ಎವಿಕ್ಟ್ ಮಾಡ್ತಾನೆ ಅನ್ನೋದಕ್ಕೆ? 'ಮನಿ ಬಿಡಸ್ತಾನ.' ಶಿರಸ್ತೇದಾರರಿಗೆ ಈ ಪದಗಳ ಹಿಂದಿರುವ ಕಡತಗಳೆಲ್ಲ ಗೊತ್ತು. ಮನೆ ಬಿಡಿಸುವ ನೋಟೀಸುಗಳಿಗೆ ಮೊಹರು ಒತ್ತಿದ ಕೈ ಅದು. ಬಾಡಿಗೆ ಎಷ್ಟು ತಿಂಗಳದ್ದು ಬಾಕಿ, ಆ ಅಜ್ಜಿಗೆ ಬೇರೆ ಯಾರೂ ಇಲ್ಲವೇ, ಕೊನೆಗೆ ಮನೆ ಉಳಿಯಿತೇ ಎಂದು ಒಂದೊಂದಾಗಿ ಕೇಳಿದರು. ಕೊನೆಯ ಪ್ರಶ್ನೆಗೆ ಹಾಡಿನಲ್ಲಿ ಉತ್ತರವಿರಲಿಲ್ಲ ಎಂದ ಹುಡುಗ. ನೆವಾರ್ಕ್ ನಿಲ್ದಾಣ ಬರುವವರೆಗೆ ಮಾತು ನಡೆಯಿತು. ಇಬ್ಬರೂ ಸೇರಿ ಆ ಬೇಸಿಗೆಯಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮರುದಿನ ಮೊಮ್ಮಗ ತಾನು ಬರೆದಿಟ್ಟ ನೋಟುಬುಕ್ಕು ತಂದು ತೋರಿಸಿದ. ತಾಯಿಗೂ ತೋರಿಸದ ಪುಸ್ತಕ ಅದು. ಅಜ್ಜ ಊಟದ ಮೇಜಿನ ಮೇಲೆ ನಾಲ್ಕು ಪೆಟ್ಟಿನ ತಾಳ ಹಾಕಿದರು, ಹುಡುಗ ಓದಿದ. ಆಮೇಲೆ ಅಜ್ಜ, ಅರವತ್ತು ವರ್ಷದ ಹಿಂದೆ ಜಾತ್ರೆಯಲ್ಲಿ ಕೇಳಿದ ಹರದೇಶಿ ಪದವೊಂದನ್ನು ನೆನಪಿದ್ದಷ್ಟು ಎತ್ತಿದರು. ಹುಡುಗ ಫೋನು ಹಿಡಿದು ರೆಕಾರ್ಡ್ ಮಾಡಲು ಹೋದ.

'ರೆಕಾರ್ಡ್ ಮಾಡಬ್ಯಾಡೋ,' ಎಂದರು ಅಜ್ಜ. 'ಸವಾಲ್ ಹಾಕೇನಿ. ಜವಾಬ್ ಕೊಡು.'

ನವೆಂಬರಿನಲ್ಲಿ ಅವರು ಊರಿಗೆ ಮರಳಿದರು. ಈಗ ಭಾನುವಾರ ಬೆಳಿಗ್ಗೆ ವಿಡಿಯೋ ಕರೆ ಬರುತ್ತದೆ. ಅಲ್ಲಿ ಶನಿವಾರ ರಾತ್ರಿ. ಮೊದಮೊದಲು ಅಜ್ಜ ಇಲ್ಲಿ ತಾಳ ಹಾಕಿ, ಮೊಮ್ಮಗ ಅಲ್ಲಿ ನುಡಿಯುವ ಪ್ರಯತ್ನ ನಡೆಯಿತು. ಕೂಡಲಿಲ್ಲ. ಸಮುದ್ರದಾಚೆಗೆ ಸದ್ದು ಹೋಗಿಬರಲು ಕಾಲು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಕ್ರೀಡಾಂಗಣದ ಕೊನೆಯ ಸಾಲಿನವನ ಕಷ್ಟವೇ ಇಲ್ಲಿಯೂ. ತಾಳ ಕೈಬಿಟ್ಟರು. ಈಗ ಒಬ್ಬರು ಪೂರ್ತಿ ಹೇಳಿ ಮುಗಿಸುತ್ತಾರೆ, ಇನ್ನೊಬ್ಬರು ಕಾದು ಉತ್ತರ ಹೇಳುತ್ತಾರೆ. ಹುಡುಗನ ಕನ್ನಡದಲ್ಲಿ ಇನ್ನೂ ಲಿಂಗ ವಚನಗಳು ತಪ್ಪುತ್ತವೆ. ಅಜ್ಜ ತಿದ್ದುವುದಿಲ್ಲ, ಅದನ್ನೇ ಹಿಡಿದು ಮುಂದಿನ ಸವಾಲು ಕಟ್ಟುತ್ತಾರೆ. ಕಳೆದ ವಾರ ಕೊನೆಯ ಮಾತು ಮೊಮ್ಮಗನದಾಗಿತ್ತು. ಈ ವಾರ ಜವಾಬು ಕೊಡಬೇಕಾದವರು ಅಜ್ಜ. ಅಂಗಳದ ಕುರ್ಚಿಯಲ್ಲಿ ಕೂತು, ತೊಡೆ ತಟ್ಟುತ್ತ, ಸರಿಯಾದ ಪ್ರಾಸಕ್ಕಾಗಿ ಹುಡುಕುತ್ತಿದ್ದಾರೆ.